ಕನ್ನಡಕದವರಿಗೆ ವ್ಯೂಫೈಂಡರಿನ ಮೂಲೆ ಯಾಕೆ ಕಾಣಲ್ಲ?

ಪ್ರಶ್ನೆ: ನನಗೆ 47 ವರ್ಷ, ಊರು ಧಾರವಾಡ. ನಮ್ಮ ಸೋದರಮಾವ ಬಳಸುತ್ತಿದ್ದ ನಿಕಾನ್ ಎಫ್‌ಎಂ2 ಕ್ಯಾಮೆರಾ ಮತ್ತು 50 ಎಂಎಂ ಲೆನ್ಸ್ ಈಗ ನನ್ನ ಹತ್ತಿರ ಇದೆ. ನನ್ನದು ಪ್ರೋಗ್ರೆಸಿವ್ ಕನ್ನಡಕ, ಒಂದೇ ಗಾಜಿನಲ್ಲಿ ಮೇಲೆ ದೂರಕ್ಕೆ, ಕೆಳಗೆ ಓದೋದಕ್ಕೆ. ದೂರಕ್ಕೆ ಮೈನಸ್ 2.5, ಸಿಲಿಂಡರ್ (ಒಂದು ದಿಕ್ಕಿನ ಮಸುಕು ಸರಿಮಾಡುವ ಪವರ್) ಮೈನಸ್ 0.75, ಓದೋದಕ್ಕೆ ಪ್ಲಸ್ 1.75 ಸೇರಿದೆ. ಕನ್ನಡಕ ಹಾಕಿಕೊಂಡು ವ್ಯೂಫೈಂಡರಿನಲ್ಲಿ, ಅಂದರೆ ಕಣ್ಣಿಟ್ಟು ನೋಡುವ ಕಿಂಡಿಯಲ್ಲಿ, ನೋಡಿದರೆ ಮೂಲೆಗಳು ಕಾಣಲ್ಲ, ಎಡಗಡೆ ಬರುವ ಶಟರ್ ನಂಬರ್ ಕಾಣಲ್ಲ. ತೆಗೆದರೆ ಎಲ್ಲಾ ಮಸುಕು. ಎರಡು ರೋಲ್ ಮುಗಿಸಿದೆ, ಅರ್ಧಕ್ಕರ್ಧ ಫೋಟೋ ಶಾರ್ಪ್ ಇಲ್ಲ. ಸಾಲದ್ದಕ್ಕೆ ಐಪೀಸ್ (ಆ ಕಿಂಡಿಯ ಕಣ್ಣಿಡುವ ತುದಿ) ತಾಗಿ ಕನ್ನಡಕಕ್ಕೆ ಗೀರು ಬಿದ್ದಿದೆ. ಹೈಸ್ಕೂಲಿಗೆ ಹೋಗುವ ಮಗಳಿಗೂ ಕನ್ನಡಕ ಇದೆ. ಅವಳಿಗೆ ಮಾತ್ರ ಚೆನ್ನಾಗೇ ಕಾಣುತ್ತಂತೆ. ಆದರೆ ಅವಳು ಎಡಗಣ್ಣಲ್ಲಿ ನೋಡುತ್ತಾಳೆ, ರೋಲ್ ಎಳೆಯುವ ಲಿವರ್ ಕನ್ನಡಕಕ್ಕೆ ತಾಗುತ್ತೆ. ಇದನ್ನು ಮಾರಿ ಬೇರೆ ಕ್ಯಾಮೆರಾ ತಗೊಳ್ಳಲಾ?

ಉತ್ತರ: ಮಾರಬೇಡಿ. ಕ್ಯಾಮೆರಾ ಸರಿಯಾಗೇ ಇರೋ ಹಾಗೆ ಕಾಣುತ್ತೆ.

ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ತೊಂದರೆಗಳು ಒಂದರೊಳಗೊಂದು ಸೇರಿಕೊಂಡಿವೆ. ಮೂಲೆ ಕಾಣದೇ ಇರೋದು ಒಂದು, ಫೋಕಸ್ ತಪ್ಪೋದು ಇನ್ನೊಂದು. ಎರಡಕ್ಕೂ ಕನ್ನಡಕವೇ ಕಾರಣ ಅಂತ ಅನ್ನಿಸುತ್ತೆ. ಮೊದಲನೆಯದಕ್ಕೆ ಹೌದು. ಎರಡನೆಯದಕ್ಕೆ ಕಾರಣ ನಿಮ್ಮ ವಯಸ್ಸು. ಒಂದರ ಮದ್ದು ಇನ್ನೊಂದಕ್ಕೆ ಕೆಲಸ ಮಾಡಲ್ಲ. ಅದಕ್ಕೇ ಎಷ್ಟೋ ಜನ ದುಡ್ಡು ಕೊಟ್ಟು ಕ್ಯಾಮೆರಾ ಬದಲಾಯಿಸಿದ ಮೇಲೂ ಅದೇ ಮಸುಕು ಫೋಟೋ ತೆಗೆಯುತ್ತಾ ಇರುತ್ತಾರೆ.

ಫೋಕಸ್ ವಿಷಯದಿಂದಲೇ ಶುರು ಮಾಡ್ತೀನಿ. ಇದು ನನಗೇ ಆದದ್ದು.

ನನಗೆ ಆಗ 44. ಅಕ್ಕನ ಮಗಳ ಸೀಮಂತದಲ್ಲಿ ಒಂದು ಪೂರ್ತಿ ರೋಲ್ ತೆಗೆದೆ. ಡೆವಲಪ್ ಆಗಿ ಬಂದಾಗ ಹತ್ತಿರದ ಮುಖಗಳು ಮೆತ್ತಗೆ, ಅವರ ಹಿಂದಿನ ಬಾಗಿಲ ತೋರಣ ಮಾತ್ರ ಎಲೆ ಎಲೆಯೂ ಎಣಿಸುವಷ್ಟು ಸ್ಪಷ್ಟ. ಲೆನ್ಸಿಗೆ ಏನೋ ಆಗಿದೆ ಅಂದುಕೊಂಡು ರಿಪೇರಿಯವರ ಹತ್ತಿರ ಹೋದೆ. ಅವರು ಲೆನ್ಸ್ ಬಿಚ್ಚಲೇ ಇಲ್ಲ. ಅದರ ಮುಂದೆ ಒಂದು ಬಿಳಿ ಹಾಳೆ ಹಿಡಿದು, ಕ್ಯಾಮೆರಾ ನನ್ನ ಕೈಗೆ ಕೊಟ್ಟು, "ಒಳಗಡೆ ನಡುವೆ ಒಂದು ರೌಂಡ್ ಗೆರೆ ಇದೆಯಲ್ಲ, ಅದು ಶಾರ್ಪ್ ಇದೆಯಾ ಹೇಳಿ ಸರ್" ಅಂದರು. ಅಷ್ಟು ವರ್ಷ ಆ ಗೆರೆಯ ಮೂಲಕ ಪ್ರಪಂಚ ನೋಡಿದ್ದೆ, ಗೆರೆಯನ್ನೇ ಯಾವತ್ತೂ ನೋಡಿರಲಿಲ್ಲ. ಅದರ ಅಂಚು ಒದ್ದೆ ಕಾಗದದ ಮೇಲಿನ ಶಾಯಿ ಥರ ಹರಡಿಕೊಂಡಿತ್ತು. ಅವರು ಐಪೀಸಿನ ರಿಂಗ್ ತಿರುಗಿಸಿ ಬಿಚ್ಚಿದರು. ಸ್ಕ್ರೂ ಹಾಕಿಡುವ ತಗಡಿನ ಡಬ್ಬಿಯಿಂದ 0 ಅಂತ ಬರೆದಿದ್ದ ಒಂದು ಪುಟ್ಟ ಗಾಜು ತೆಗೆದು ಕೂರಿಸಿದರು. ಮತ್ತೆ ನೋಡಿದೆ. ಸಣ್ಣ ನಿಬ್ಬಿನಲ್ಲಿ ಎಳೆದ ಹಾಗೆ ಗೆರೆ ಎದ್ದು ನಿಂತಿತ್ತು. "ಲೆನ್ಸ್ ಚೆನ್ನಾಗಿದೆ ಸರ್, ನಿಮಗೆ ಚಾಳೀಸು ಬಂದಿದೆ" ಅಂದರು.

ಆಗಿದ್ದು ಇಷ್ಟು. ವ್ಯೂಫೈಂಡರಿನಲ್ಲಿ ನಾವು ನೋಡುವುದು ಎದುರಿನ ದೃಶ್ಯವನ್ನಲ್ಲ. ಕ್ಯಾಮೆರಾದೊಳಗಿನ ಫೋಕಸಿಂಗ್ ಸ್ಕ್ರೀನ್ ಮೇಲೆ ಬಿದ್ದ ಚಿತ್ರವನ್ನು. ಆ ಸ್ಕ್ರೀನ್ ಕಣ್ಣಿಗೆ ತೀರಾ ಹತ್ತಿರ ಇರೋದರಿಂದ ಹಾಗೇ ನೋಡಿದರೆ ಕಾಣಲ್ಲ. ಐಪೀಸಿನ ಲೆನ್ಸ್ ಅದನ್ನು ದೂರ ತಳ್ಳಿ ತೋರಿಸುತ್ತೆ. ಎಷ್ಟು ದೂರ? ಎಫ್‌ಎಂ2ನಲ್ಲಿ ಸುಮಾರು ಒಂದು ಮೀಟರ್. ಇದನ್ನೇ ಐಪೀಸಿನ ಪವರ್ ಮೈನಸ್ 1 ಅನ್ನೋದು. ಆ ಕಾಲದ ಬಹಳಷ್ಟು ಎಸ್‌ಎಲ್‌ಆರ್‌ಗಳು, ಅಂದರೆ ಲೆನ್ಸಿನ ಮೂಲಕವೇ ನೋಡಿ ತೆಗೆಯುವ ಕ್ಯಾಮೆರಾಗಳು, ಹೆಚ್ಚುಕಮ್ಮಿ ಹೀಗೇ. ಅಂದರೆ ನೀವು ನೃಪತುಂಗ ಬೆಟ್ಟದ ಮೇಲೆ ನಿಂತು ಇಡೀ ಹುಬ್ಬಳ್ಳಿಯನ್ನು ಫ್ರೇಮಿಗೆ ತಂದುಕೊಂಡರೂ, ನಿಮ್ಮ ಕಣ್ಣಿನ ಪಾಲಿಗೆ ಆ ಊರು ಒಂದು ಮೀಟರ್ ಆಚೆ ಇರುವ ಚಿತ್ರಪಟ.

ನಿಮ್ಮ ಮಗಳ ಕಣ್ಣಿಗೆ ಒಂದು ಮೀಟರ್ ಒಂದು ಲೆಕ್ಕವೇ ಅಲ್ಲ. ಎಳೆಯ ಕಣ್ಣು ತಾನೇ ಹೊಂದಿಕೊಳ್ಳುತ್ತೆ, ಹೊಂದಿಕೊಂಡದ್ದು ಅವಳಿಗೆ ಗೊತ್ತೂ ಆಗಲ್ಲ. ನಮ್ಮ ವಯಸ್ಸಿನಲ್ಲಿ ಅದು ಶ್ರಮದ ಕೆಲಸ. ಸ್ವಲ್ಪ ಹೊತ್ತು ಆಗುತ್ತೆ, ಕಣ್ಣು ಸೋತಾಗ ಬಿಟ್ಟುಬಿಡುತ್ತೆ. ನಿಮ್ಮ ಫೋಟೋಗಳು ಪೂರ್ತಿ ಕೆಡದೆ ಅರ್ಧಕ್ಕರ್ಧ ಕೆಟ್ಟಿರುವುದು ಈ ಕಾರಣಕ್ಕೇ ಇರಬೇಕು.

ಪ್ರೋಗ್ರೆಸಿವ್ ಗ್ಲಾಸಿನಲ್ಲಿ ಒಂದು ಮೀಟರ್ ದೂರಕ್ಕೂ ಜಾಗ ಇದೆ, ನಿಜ. ಆದರೆ ಅದು ನಡುವಿನ ಕಿರಿದಾದ ಓಣಿ. ಕ್ಯಾಮೆರಾ ಕಣ್ಣಿಗೆ ಹಿಡಿದಾಗ ನೀವು ನೇರ ನೋಡುತ್ತೀರಿ, ಅಂದರೆ ಮೇಲಿನ ದೂರದ ಭಾಗದಿಂದ. ನಡುವಿನ ಭಾಗ ಸಿಗಬೇಕಾದರೆ ಗದ್ದ ಎತ್ತಬೇಕು. ಗದ್ದ ಎತ್ತಿದರೆ ಮೂಗು ಕ್ಯಾಮೆರಾದ ಬೆನ್ನಿಗೆ ಒತ್ತುತ್ತೆ, ಕಣ್ಣು ಇನ್ನಷ್ಟು ಹಿಂದೆ ಹೋಗುತ್ತೆ, ಮೂಲೆಗಳು ಇನ್ನಷ್ಟು ಮಾಯ ಆಗುತ್ತವೆ. ಒಂದನ್ನು ಸರಿ ಮಾಡೋಕೆ ಹೋಗಿ ಇನ್ನೊಂದು ಕೆಡೋದು ಅಂದರೆ ಇದೇ.

ಏನಾದರೂ ಕೊಳ್ಳುವ ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಕನ್ನಡಕ ಹಾಕಿಕೊಂಡು, ಕ್ಯಾಮೆರಾವನ್ನು ಬಿಳಿ ಗೋಡೆಗೆ ತಿರುಗಿಸಿ, ನಡುವಿನ ಆ ರೌಂಡ್ ಗೆರೆ ನೋಡಿ. ಗೋಡೆ ನೋಡಬೇಡಿ, ಗೆರೆ ನೋಡಿ. ಈಗ ಪ್ಲಸ್ 1 ಪವರಿನ ಓದುವ ಕನ್ನಡಕ ಒಂದನ್ನು ಯಾರಿಂದಾದರೂ ತಂದು, ಅದರ ಒಂದು ಗಾಜನ್ನು ನಿಮ್ಮ ಕನ್ನಡಕಕ್ಕೂ ಐಪೀಸಿಗೂ ನಡುವೆ ಹಿಡಿಯಿರಿ. ಗೆರೆ ಚುರುಕಾಗಿ, ಕಣ್ಣು ಹಗುರ ಆದ ಹಾಗೆ ಅನ್ನಿಸಿದರೆ ನಿಮಗೆ ಬೇಕಾದ್ದು ಅದೇ. ಏನೂ ಬದಲಾಗದಿದ್ದರೆ ನನ್ನ ಊಹೆ ತಪ್ಪು, ಆಗ ಕ್ಯಾಮೆರಾವನ್ನು ತಪಾಸಣೆಗೆ ಕೊಡಿ. ಹಳೇ ಕ್ಯಾಮೆರಾದಲ್ಲಿ ಯಾರಾದರೂ ಸ್ಕ್ರೀನ್ ತೆಗೆದು ಸರಿಯಾಗಿ ಕೂರಿಸದೇ ಇದ್ದರೂ ಫೋಕಸ್ ಹೀಗೆ ಮೋಸ ಮಾಡುತ್ತೆ. ಕೆಟ್ಟ ಫೋಟೋಗಳನ್ನೂ ಇನ್ನೊಮ್ಮೆ ನೋಡಿ. ಹಿಂದೆ ಅಥವಾ ಮುಂದೆ ಏನಾದರೊಂದು ಶಾರ್ಪ್ ಇದ್ದರೆ ಅದು ಫೋಕಸ್ ತಪ್ಪು. ಎಲ್ಲವೂ ಒಂದೇ ಕಡೆಗೆ ಎಳೆದ ಹಾಗಿದ್ದರೆ ಕೈ ಅಲುಗಿದೆ, ಅದಕ್ಕೂ ಕಣ್ಣಿಗೂ ಸಂಬಂಧ ಇಲ್ಲ.

ಪರೀಕ್ಷೆ ಪಾಸಾಯಿತು ಅಂತ ಇಟ್ಟುಕೊಳ್ಳಿ. ಈಗ ಐಪೀಸಿಗೆ ಹಾಕುವ ಪವರ್ ಲೆನ್ಸ್ ಹುಡುಕಬೇಕು. ಎಫ್‌ಎಂ, ಎಫ್‌ಇ, ಎಫ್‌ಎಂ2 ಎಲ್ಲಕ್ಕೂ ಒಂದೇ ಸೈಜು, 19 ಎಂಎಂ, ತಿರುಗಿಸಿ ಕೂರಿಸುವಂಥದ್ದು. ಇಲ್ಲೊಂದು ಕಡೆ ತುಂಬಾ ಜನ ಎಡವುತ್ತಾರೆ. ನಿಕಾನ್ ಲೆನ್ಸಿನ ಮೇಲೆ ಬರೆದಿರುವ ನಂಬರ್ ಆ ಗಾಜಿನ ಪವರ್ ಅಲ್ಲ. ಕ್ಯಾಮೆರಾದ ಮೈನಸ್ 1 ಕೂಡ ಸೇರಿ ಒಟ್ಟು ಎಷ್ಟಾಗುತ್ತೋ ಅದು. ಹಾಗಾಗಿ 0 ಅಂತ ಬರೆದಿರುವ ಗಾಜು ಬರೀ ಗಾಜಲ್ಲ, ಅದರ ಪವರ್ ಪ್ಲಸ್ 1. ಮೈನಸ್ 2 ಅಂತ ಇರುವುದು ನಿಜಕ್ಕೂ ಮೈನಸ್ 1. ಹಳೇ ಸಾಮಾನು ಮಾರುವವರಿಗೇ ಎಷ್ಟೋ ಸಲ ಇದು ಗೊತ್ತಿರಲ್ಲ. 0 ನಂಬರಿನದನ್ನು ಸುಮ್ನೆ ಪ್ಲೇನ್ ಗ್ಲಾಸ್ ಅಂತ ಕೊಟ್ಟುಬಿಡುತ್ತಾರೆ.

ನಿಮಗೆ ನಾನು ಹೇಳೋದು ಈ 0 ನಂಬರೇ. ಕನ್ನಡಕ ಮುಖದ ಮೇಲೇ ಇರಲಿ. ಮೇಲಿನ ದೂರದ ಭಾಗದಿಂದ ನೇರ ನೋಡಿದರೆ ಸ್ಕ್ರೀನ್ ಈಗ ದೂರದ ವಸ್ತುವಿನ ಹಾಗೆ ಕಾಣುತ್ತೆ, ಕಣ್ಣು ಕಷ್ಟಪಡಬೇಕಾಗಿಲ್ಲ. ಸಿಲಿಂಡರ್ ಪವರನ್ನು ನಿಮ್ಮ ಕನ್ನಡಕವೇ ನೋಡಿಕೊಳ್ಳುತ್ತೆ. ಮಗಳಿಗೂ ಇದೇ ಲೆನ್ಸ್ ನಡೆಯುತ್ತೆ, ತೆಗೆದು ಹಾಕುವ ರಗಳೆ ಇಲ್ಲ.

0 ನಂಬರ್ ಸಿಗಲಿಲ್ಲ ಅಂದರೆ ಕನ್ನಡಕದ ಅಂಗಡಿಯಲ್ಲೇ ದಾರಿ ಇದೆ. ಒಂದು ಮೀಟರ್ ದೂರಕ್ಕೆ ಅಂತ ಸಿಂಗಲ್ ವಿಷನ್ ಕನ್ನಡಕ ಮಾಡಿಸಿ. ಮೈನಸ್ 2.5ಕ್ಕೆ ಪ್ಲಸ್ 1 ಸೇರಿದರೆ ಮೈನಸ್ 1.5, ಸಿಲಿಂಡರ್ ಮತ್ತು ಆಕ್ಸಿಸ್ ಈಗಿನದ್ದೇ. ಎಡ ಬಲ ಕಣ್ಣಿನ ಲೆಕ್ಕ ಬೇರೆ ಇದ್ದರೆ ಚೀಟಿ ತೋರಿಸಿ ಕೇಳಿ, ಅವರಿಗೆ ಇದು ದಿನದ ಕೆಲಸ. ಈ ಕನ್ನಡಕ ಕಂಪ್ಯೂಟರ್ ಮುಂದೆಯೂ ಹೆಚ್ಚುಕಮ್ಮಿ ಉಪಯೋಗಕ್ಕೆ ಬರುತ್ತೆ. ಆದರೆ ದಯವಿಟ್ಟು ಇದನ್ನು ಹಾಕಿಕೊಂಡು ಗಾಡಿ ಓಡಿಸಬೇಡಿ. ದೂರದ್ದು ಸರಿಯಾಗಿ ಕಾಣಲ್ಲ.

ಕನ್ನಡಕ ತೆಗೆದೇ ನೋಡ್ತೀನಿ ಅನ್ನೋದಾದರೆ ಮೈನಸ್ 3 ಅಂತ ಬರೆದ ಲೆನ್ಸ್ ಹಾಕಿ. ನಿಮ್ಮ ಮೈನಸ್ 2.5ಕ್ಕೆ ಸಿಲಿಂಡರಿನ ಅರ್ಧ ಸೇರಿಸಿದರೆ ಸುಮಾರು ಮೈನಸ್ 2.9 ಆಗುತ್ತೆ, ಅದಕ್ಕೆ ಇದು ಹತ್ತಿರ. ಮೂಲೆಗಳೆಲ್ಲ ಕಾಣುತ್ತವೆ, ಗೀರಿನ ಭಯ ಇಲ್ಲ. ಆದರೆ ಸಿಲಿಂಡರ್ ಸರಿಹೋಗಲ್ಲ, ಒಂದು ದಿಕ್ಕಿನ ಗೆರೆಗಳು ಸ್ವಲ್ಪ ಮೆತ್ತಗೆ ಕಾಣುತ್ತವೆ. ಅದಕ್ಕಿಂತ ದೊಡ್ಡ ಕಷ್ಟ ಬೇರೆ ಇದೆ. ಕ್ಯಾಮೆರಾ ಇಳಿಸಿದ ತಕ್ಷಣ ಪ್ರಪಂಚ ಮಸುಕು. ಸುಭಾಸ್ ರೋಡಿನ ಸಂತೆಯಲ್ಲಿ ನಿಂತಿದ್ದೀರಿ ಅಂತ ಇಟ್ಟುಕೊಳ್ಳಿ, ಮುಂದಿನ ಫೋಟೋ ಎಲ್ಲಿದೆ ಅಂತ ನೋಡೋಕೆ ಕನ್ನಡಕ ಬೇಕು, ತೆಗೆಯೋಕೆ ಕನ್ನಡಕ ಬೇಡ. ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡು ಹೀಗೆ ಕೆಲಸ ಮಾಡುವವರಿದ್ದಾರೆ. ಟ್ರೈಪಾಡ್ ಮೇಲಿಟ್ಟು ನಿಧಾನವಾಗಿ ತೆಗೆಯುವವರಿಗೆ ಇದು ಒಳ್ಳೆಯದೇ. ರಸ್ತೆಯಲ್ಲಿ ಓಡಾಡಿ ತೆಗೆಯುವವರಿಗೆ ನಾನು ಹೇಳಲ್ಲ.

ಇನ್ನು ಮೂಲೆಗಳ ವಿಷಯ.

ಚಿಕ್ಕಂದಿನಲ್ಲಿ ಕಾಂಪೌಂಡ್ ಗೋಡೆಯ ತೂತಿನಿಂದ ಮ್ಯಾಚ್ ನೋಡಿದ್ದೀರಾ? ಕಣ್ಣು ತೂತಿಗೆ ಅಂಟಿಸಿದರೆ ಇಡೀ ಮೈದಾನ ಕಾಣುತ್ತೆ. ನಾಲ್ಕು ಬೆರಳು ಹಿಂದೆ ಸರಿದರೆ ಪಿಚ್ ಮಾತ್ರ. ವ್ಯೂಫೈಂಡರೂ ಹಾಗೇ. ಪೂರ್ತಿ ಫ್ರೇಮ್ ಕಾಣಬೇಕಾದರೆ ಕಣ್ಣು ಐಪೀಸಿನಿಂದ ಎಷ್ಟು ದೂರದೊಳಗೆ ಇರಬೇಕು ಅನ್ನೋದಕ್ಕೆ ಒಂದು ಮಿತಿ ಇದೆ. ಐ ರಿಲೀಫ್ ಅಥವಾ ಐಪಾಯಿಂಟ್ ಅನ್ನುತ್ತಾರೆ. ಕನ್ನಡಕದ ಗಾಜು ಕಣ್ಣಿನಿಂದ ಸುಮಾರು 12ರಿಂದ 14 ಎಂಎಂ ಮುಂದೆ ಇರುತ್ತೆ. ಗಾಜಿನ ದಪ್ಪ, ಫ್ರೇಮಿನ ಅಂಚು, ಐಪೀಸಿನ ರಬ್ಬರ್ ಎಲ್ಲಾ ಸೇರಿದರೆ 20 ಎಂಎಂ ಹತ್ತಿರ ಆಗಿಬಿಡುತ್ತೆ. ಹಳೇ ಕ್ಯಾಮೆರಾಗಳಲ್ಲಿ ಹೆಚ್ಚಿನವು ಅಷ್ಟು ದೂರಕ್ಕೆ ಮಾಡಿದವಲ್ಲ.

ಹಾಗಾಗಿ ಎಣಿಕೆ ಇರೋದು ಮಿಲಿಮೀಟರುಗಳಲ್ಲಿ. ಎರಡು ಮೂರು ಮಿಲಿಮೀಟರ್ ಉಳಿಸಿದರೂ ಕಣ್ಣಿಗೆ ವ್ಯತ್ಯಾಸ ಗೊತ್ತಾಗುತ್ತೆ. ಮೂಗಿನ ಮೇಲೆ ಕೂರುವ ಪ್ಯಾಡ್‌ಗಳನ್ನು ಬಗ್ಗಿಸಬಹುದಾದ ತೆಳು ಮೆಟಲ್ ಫ್ರೇಮ್ ಇದ್ದರೆ, ಅಂಗಡಿಯವರ ಹತ್ತಿರ ಗಾಜನ್ನು ಕಣ್ಣಿಗೆ ಸ್ವಲ್ಪ ಹತ್ತಿರ ಮಾಡಿಸಿಕೊಳ್ಳಿ. ರೆಪ್ಪೆ ತಾಗದಿದ್ದರೆ ಸಾಕು. ದಪ್ಪ ಪ್ಲಾಸ್ಟಿಕ್ ಫ್ರೇಮ್ ನೋಡೋಕೆ ಚೆಂದ, ಆದರೆ ಅದರ ಅಂಚೇ ಕ್ಯಾಮೆರಾವನ್ನು ದೂರ ತಳ್ಳುತ್ತೆ. ಉದ್ದನೆಯ ರಬ್ಬರ್ ಐಕಪ್ ಕನ್ನಡಕ ಇಲ್ಲದವರಿಗೆ ಮಾಡಿದ್ದು, ನಿಮ್ಮ ಕ್ಯಾಮೆರಾಕ್ಕೆ ಅದನ್ನು ಹಾಕಿದ್ದರೆ ಬಿಚ್ಚಿಡಿ.

ಗೀರಿನ ಬಗ್ಗೆಯೂ ಇಲ್ಲೇ ಹೇಳಿಬಿಡ್ತೀನಿ. ಮಾವನವರ ಕಾಲದ ಕನ್ನಡಕಗಳು ನಿಜವಾದ ಗಾಜು, ಗಟ್ಟಿ. ಈಗ ನಾವು ಗ್ಲಾಸ್ ಅಂತ ಕರೆಯೋದು ಹೆಚ್ಚಾಗಿ ಪ್ಲಾಸ್ಟಿಕ್, ಲೋಹ ಉಜ್ಜಿದರೆ ಗೀರು ಬಿದ್ದೇ ಬೀಳುತ್ತೆ. ಐಪೀಸಿನ ಲೋಹದ ಅಂಚಿಗೆ ತೆಳುವಾದ ರಬ್ಬರ್ ರಿಂಗ್ ಒಂದನ್ನು ಅಂಟಿಸಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಓ-ರಿಂಗ್ ಸಾಕು. ದಪ್ಪದ್ದು ಬೇಡ, ಈಗಷ್ಟೇ ಉಳಿಸಿದ ಮಿಲಿಮೀಟರ್ ಅದರಲ್ಲೇ ಹೋಗುತ್ತೆ. ಅಂಟು ಕೂಡ ಐಪೀಸಿನ ಗಾಜಿಗೆ ತಾಗದ ಹಾಗೆ ನೋಡಿಕೊಳ್ಳಿ.

ಇಷ್ಟೆಲ್ಲ ಮಾಡಿದರೂ ಎಫ್‌ಎಂ2ನಲ್ಲಿ ಕನ್ನಡಕದೊಂದಿಗೆ ನಾಲ್ಕೂ ಮೂಲೆ ಒಟ್ಟಿಗೆ ಕಾಣೋದು ಕಷ್ಟ. ಇದನ್ನು ಒಪ್ಪಿಕೊಂಡು ನೋಡುವ ಅಭ್ಯಾಸವನ್ನೇ ಬದಲಾಯಿಸಬೇಕು. ಈ ಕ್ಯಾಮೆರಾದ ಒಳಗೆ ಏನೆಲ್ಲಿದೆ ನೆನಪಿಸಿಕೊಳ್ಳಿ. ಎಡಗಡೆ ಶಟರ್ ನಂಬರ್, ಮೇಲೆ ನಡುವೆ ಪುಟ್ಟ ಕಿಂಡಿಯಲ್ಲಿ ಅಪರ್ಚರ್ ನಂಬರ್, ಬಲಗಡೆ ಬೆಳಕು ಹೆಚ್ಚೋ, ಸರಿಯೋ, ಕಡಿಮೆಯೋ ಅಂತ ಹೇಳುವ ಪ್ಲಸ್, ಸೊನ್ನೆ, ಮೈನಸ್ ಎಂಬ ಮೂರು ಕೆಂಪು ದೀಪ. ಎಲ್ಲವೂ ಅಂಚಿನಲ್ಲೇ, ಅಂದರೆ ನಿಮಗೆ ಕಾಣದ ಜಾಗದಲ್ಲೇ ಇವೆ. ಅದಕ್ಕೆ ಎಕ್ಸ್‌ಪೋಷರ್, ಅಂದರೆ ಬೆಳಕು ಹೊಂದಿಸುವ ಕೆಲಸವನ್ನು ಮೊದಲೇ ಮುಗಿಸಿಬಿಡಿ. ಶಟರ್, ಅಪರ್ಚರ್ ಎರಡನ್ನೂ ಕ್ಯಾಮೆರಾ ಕೆಳಗಿರುವಾಗಲೇ ಡಯಲ್ ನೋಡಿ ಇಡಿ. ಕಣ್ಣಿಗೆ ಎತ್ತಿ ಬಲಗಡೆಯ ದೀಪ ಮಾತ್ರ ನೋಡಿ ಸರಿಮಾಡಿಕೊಳ್ಳಿ. ಆಮೇಲೆ ನಡುವೆ ಫೋಕಸ್. ಕೊನೆಗೆ ಕಣ್ಣಿಂದ ಫ್ರೇಮಿನ ಅಂಚಿಗೆ ಒಂದು ಪ್ರದಕ್ಷಿಣೆ ಹಾಕಿ. ತಲೆಯನ್ನು ಕೂದಲೆಳೆಯಷ್ಟು ಎಡಕ್ಕೆ ಸರಿಸಿದರೆ ಬಲದ ಅಂಚು ಕಾಣುತ್ತೆ, ಬಲಕ್ಕೆ ಸರಿಸಿದರೆ ಎಡದ್ದು. ಗೋಡೆಯ ತೂತಿನಲ್ಲಿ ಮೈದಾನದ ಮೂಲೆ ನೋಡೋಕೆ ಹೀಗೇ ತಾನೇ ಮಾಡುತ್ತಿದ್ದದ್ದು? ಮೊದಮೊದಲು ನಿಧಾನ ಅನ್ನಿಸುತ್ತೆ. ನಾಲ್ಕೈದು ರೋಲ್ ಆಗುವಷ್ಟರಲ್ಲಿ ಕುತ್ತಿಗೆಗೆ ರೂಢಿ ಆಗಿಬಿಡುತ್ತೆ.

ಈ ಪ್ರದಕ್ಷಿಣೆ ಹಾಕದಿದ್ದರೆ ಏನಾಗುತ್ತೆ ಅಂತ ನಿಮ್ಮ ಎರಡು ರೋಲ್‌ಗಳಲ್ಲೇ ಕಾಣುತ್ತೆ, ನೋಡಿ. ತಲೆ ಕತ್ತರಿಸಿಹೋದ ಫೋಟೋ ಕಡಿಮೆ ಇರುತ್ತವೆ. ಎಲ್ಲರೂ ಚಿಕ್ಕದಾಗಿ, ನಡುವೆ ಕೂತಿರುತ್ತಾರೆ. ಸುತ್ತ ಬೇಡದ ಜಾಗ, ಪಕ್ಕದಲ್ಲಿ ಯಾರದೋ ಮೊಣಕೈ, ಬಕೆಟ್ಟು. ನಿಮಗೆ ಕಾಣುವಷ್ಟರೊಳಗೆ ಎಲ್ಲವನ್ನೂ ಕೂರಿಸುತ್ತೀರಿ, ಫಿಲ್ಮ್ ಮಾತ್ರ ನೀವು ನೋಡದ ಅಂಚನ್ನೂ ಹಿಡಿಯುತ್ತೆ. ಎಫ್‌ಎಂ2 ವ್ಯೂಫೈಂಡರ್ ತೋರಿಸುವುದೇ ಫ್ರೇಮಿನ 93%, ಕನ್ನಡಕದಿಂದ ಅದರಲ್ಲೂ ಕಡಿಮೆ. ಹಾಗಾಗಿ ನಿಮಗೆ ಸರಿಯಾಗಿದೆ ಅನ್ನಿಸಿದ ಮೇಲೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ. ನಾನು ಕನ್ನಡಕದವರಿಗೆ ಹೇಳುವ ಮಾತುಗಳಲ್ಲಿ ಎಲ್ಲಕ್ಕಿಂತ ಬೇಗ ಫಲ ಕೊಡೋದು ಇದೇ.

ಫೋಕಸ್ ಮಾಡುವಾಗ ನಡುವಿನ ಸ್ಪ್ಲಿಟ್ ಇಮೇಜನ್ನೇ ನಂಬಿ. ಎರಡು ಭಾಗವಾಗಿ ಸೀಳಿದ ಪುಟ್ಟ ವೃತ್ತ ಅದು, ಫೋಕಸ್ ತಪ್ಪಿದ್ದರೆ ಅದರಲ್ಲಿ ಗೆರೆ ತುಂಡಾಗಿ ಕಾಣುತ್ತೆ. ಸುತ್ತಲಿನ ಮ್ಯಾಟ್ (ಮಂಜುಗಾಜಿನಂಥ) ಭಾಗ ಶಾರ್ಪ್ ಇದೆಯಾ ಅಂತ ಹೇಳೋಕೆ ಕಣ್ಣು ಚುರುಕಾಗಿರಬೇಕು. ತುಂಡಾದ ಗೆರೆ ಕೂಡಿತೋ ಇಲ್ಲವೋ ಅಂತ ಹೇಳೋಕೆ ಅಷ್ಟು ಬೇಡ, ಸ್ವಲ್ಪ ಮಸುಕಿದ್ದರೂ ಗೊತ್ತಾಗುತ್ತೆ. ಅಡ್ಡಕ್ಕೆ ಸೀಳಿರುವ ಸ್ಪ್ಲಿಟ್ ಆದ್ದರಿಂದ ಬಾಗಿಲ ಚೌಕಟ್ಟು, ಮೂಗಿನ ಅಂಚು, ಸೀರೆಯ ನೆರಿಗೆಯಂಥ ನೆಟ್ಟಗಿನ ಗೆರೆ ಹುಡುಕಿ. ಸ್ಪ್ಲಿಟ್ಟಿನ ಒಂದರ್ಧ ಕಪ್ಪಾಗಿ ಕಂಡರೆ ಕಣ್ಣು ನಡುವಿನಲ್ಲಿಲ್ಲ ಅಂತ ಅರ್ಥ. ಕನ್ನಡಕದವರಿಗೆ ಇದು ಜಾಸ್ತಿ ಆಗುತ್ತೆ, ಸ್ವಲ್ಪ ಸರಿದು ನೋಡಿ.

ಇನ್ನೊಂದು ಸಣ್ಣ ವಿಷಯ. ಕನ್ನಡಕದಿಂದಾಗಿ ಕಣ್ಣಿಗೂ ಐಪೀಸಿಗೂ ನಡುವೆ ಸಂದಿ ಉಳಿಯುತ್ತೆ. ಬಿಸಿಲು ಬೆನ್ನಿಗಿದ್ದರೆ ಆ ಸಂದಿಯಿಂದ ಬೆಳಕು ಒಳಗೆ ನುಗ್ಗುತ್ತೆ. ಎಫ್‌ಎಂ2ನ ಬೆಳಕು ಅಳೆಯುವ ಮೀಟರ್ ಸೆನ್ಸರ್‌ಗಳು ಐಪೀಸಿನ ಅಕ್ಕಪಕ್ಕದಲ್ಲೇ ಇರೋದರಿಂದ, ಬೆಳಕು ಜಾಸ್ತಿ ಇದೆ ಅಂತ ತಪ್ಪು ತಿಳಿದು ಫೋಟೋ ಕಪ್ಪಾಗಬಹುದು. ಮೀಟರ್ ನೋಡುವಾಗ ಎಡಗೈಯನ್ನು ಹಣೆಯ ಪಕ್ಕ ಮರೆ ಹಿಡಿದು, ದೀಪ ಬದಲಾಗುತ್ತಾ ಗಮನಿಸಿ. ಬಿಸಿಲಿಗೆ ಕಪ್ಪಾಗುವ ಫೋಟೋಕ್ರೊಮಿಕ್ ಗ್ಲಾಸ್ ಇದ್ದರೆ ಸ್ಕ್ರೀನೂ ಕಪ್ಪಾಗೇ ಕಾಣುತ್ತೆ, ಫೋಟೋ ತೆಗೆಯೋಕೆ ಅದು ಬೇಡ.

ಬೇರೆ ಕ್ಯಾಮೆರಾ ಬಗ್ಗೆ ಕೇಳಿದ್ದೀರಿ. ಕನ್ನಡಕದವರಿಗಾಗಿಯೇ ಯೋಚಿಸಿ ಮಾಡಿದ್ದು ಅಂದರೆ ನಿಕಾನ್ ಎಫ್3 ಎಚ್‌ಪಿ. ಎಫ್3 ಬಂದದ್ದು 1980ರಲ್ಲಿ, ಎಚ್‌ಪಿ 1982ರಲ್ಲಿ. ಎಚ್‌ಪಿ ಅಂದರೆ ಹೈ ಐಪಾಯಿಂಟ್. ಕಣ್ಣು 25 ಎಂಎಂ ದೂರ ಇದ್ದರೂ ಪೂರ್ತಿ ಫ್ರೇಮ್ ಕಾಣುತ್ತೆ, ಅದೂ 100%. ಮೊದಲ ಸಲ ಕನ್ನಡಕ ಹಾಕಿಕೊಂಡು ಅದರಲ್ಲಿ ನೋಡಿದಾಗ ಸಿಗುವ ನೆಮ್ಮದಿಯೇ ಬೇರೆ. ಆದರೆ ಚಿತ್ರ ಚಿಕ್ಕದು. ಎಫ್‌ಎಂ2ನಲ್ಲಿ 0.86 ಪಟ್ಟು ಕಾಣುವುದು ಅದರಲ್ಲಿ 0.75 ಪಟ್ಟು. ಮತ್ತೆ, ನಿಮ್ಮ ಫೋಕಸ್ ತೊಂದರೆ ಅದರಲ್ಲೂ ಹಾಗೇ ಇರುತ್ತೆ. ಅದಕ್ಕೂ ಪವರ್ ಲೆನ್ಸ್ ಬೇಕು, ಅದೂ 22 ಎಂಎಂ ಸೈಜಿನದು, ನಿಮ್ಮ 19 ಎಂಎಂ ಅದಕ್ಕೆ ಕೂರಲ್ಲ.

ಒಂದು ಎಚ್ಚರಿಕೆ. "ದೊಡ್ಡ ವ್ಯೂಫೈಂಡರ್" ಅಂತ ಹೊಗಳುವ ಕ್ಯಾಮೆರಾಗಳ ಹಿಂದೆ ಹೋಗಬೇಡಿ. ಒಲಿಂಪಸ್ ಓಎಂ-1ರಲ್ಲಿ 0.92 ಪಟ್ಟು, ಪೆಂಟಾಕ್ಸ್ ಎಂಎಕ್ಸ್‌ನಲ್ಲಿ 0.97 ಪಟ್ಟು. ಬರಿಗಣ್ಣಿಗೆ ಅವು ಸಿನಿಮಾ ಪರದೆ. ಕನ್ನಡಕದವರಿಗೆ ಚಿತ್ರ ದೊಡ್ಡದಾದಷ್ಟೂ ಅಂಚು ಕೈತಪ್ಪುತ್ತೆ. ಲೈಕಾ ಎಂ6ನಂಥ ರೇಂಜ್‌ಫೈಂಡರುಗಳಲ್ಲೂ (ಲೆನ್ಸಿನ ಮೂಲಕವಲ್ಲದೆ ಬೇರೆ ಕಿಂಡಿಯಿಂದ ನೋಡುವ ಕ್ಯಾಮೆರಾಗಳು) 28 ಎಂಎಂ ಲೆನ್ಸಿನ ಫ್ರೇಮ್ ತೋರಿಸುವ ಗೆರೆಗಳು ಕನ್ನಡಕದವರಿಗೆ ಸುಲಭಕ್ಕೆ ಸಿಗಲ್ಲ. ಯಾವುದೇ ಕೊಂಡರೂ ನಿಮ್ಮ ಕನ್ನಡಕವನ್ನೇ ಹಾಕಿಕೊಂಡು ನೋಡಿ ಕೊಳ್ಳಿ.

ನಿಮ್ಮಂಥ ಪ್ರೋಗ್ರೆಸಿವ್ ಕನ್ನಡಕಕ್ಕೆ ಚೆನ್ನಾಗಿ ಹೊಂದುವ ಇನ್ನೊಂದು ಕ್ಯಾಮೆರಾ ಇದೆ, ಜನ ಅದನ್ನು ನೆನಪಿಸಿಕೊಳ್ಳೋದೇ ಇಲ್ಲ. ಯಾಶಿಕಾ ಮ್ಯಾಟ್ 124ಜಿ ಥರದ ಎರಡು ಲೆನ್ಸಿನ ಕ್ಯಾಮೆರಾ. ಹೊಟ್ಟೆಯ ಹತ್ತಿರ ಹಿಡಿದು ಮೇಲಿನಿಂದ ಬಗ್ಗಿ ನೋಡುವಂಥದ್ದು. ಪೇಪರ್ ಓದುವ ಹಾಗೆ ಕೆಳಗೆ ನೋಡುತ್ತೀರಲ್ಲ, ಓದುವ ಭಾಗವೇ ತಾನಾಗಿ ಕಣ್ಣಿಗೆ ಬರುತ್ತೆ. ನಾಲ್ಕೂ ಮೂಲೆ ಕಾಣುತ್ತೆ, ಮುಖಕ್ಕೆ ಏನೂ ತಾಗಲ್ಲ. ಎಡ ಬಲ ಉಲ್ಟಾ ಕಾಣೋದೊಂದು ರೂಢಿ ಆಗಬೇಕು. ಎಲ್ಲಾದರೂ ಸಿಕ್ಕರೆ ಒಮ್ಮೆ ಇಣುಕಿ ನೋಡಿ, ಆದರೆ ಅದಕ್ಕಾಗಿ ಮಾವನವರ ಕ್ಯಾಮೆರಾ ಕೊಡಬೇಡಿ.

ಕೊನೆಗೆ ಮಗಳ ಎಡಗಣ್ಣು. ಎಫ್‌ಎಂ2ನಲ್ಲಿ ಲಿವರನ್ನು ಸ್ವಲ್ಪ ಹೊರಗೆ ಎಳೆದಿಟ್ಟರೇನೇ ಕೆಲಸ ನಡೆಯೋದು, ಒಳಗೆ ಒತ್ತಿಟ್ಟು ತೆಗೆಯೋಕೆ ಆಗಲ್ಲ. ಎಡಗಣ್ಣಲ್ಲಿ ನೋಡುವವರಿಗೆ ಅದರ ತುದಿ ಸರಿಯಾಗಿ ಬಲಗಡೆಯ ಗಾಜಿನ ಎದುರಿಗೇ ಬರುತ್ತೆ. ಬಲಗೈ ಹೆಬ್ಬೆರಳನ್ನು ಲಿವರಿನ ತುದಿಯ ಹಿಂದೆ, ಮುಖದ ಕಡೆಗೆ ಇಟ್ಟುಕೊಳ್ಳೋಕೆ ಹೇಳಿ. ಆಗ ಹುಬ್ಬಿಗೆ ತಾಗೋದು ಅವಳದೇ ಬೆರಳು, ಲಿವರ್ ಅಲ್ಲ. ಬಲಗಣ್ಣೂ ಅಷ್ಟೇ ಚೆನ್ನಾಗಿದ್ದರೆ ಒಂದೆರಡು ರೋಲ್ ಆ ಕಣ್ಣಲ್ಲೇ ತೆಗೆದು ನೋಡಲಿ, ಹೊಂದಲಿಲ್ಲ ಅಂದರೆ ಒತ್ತಾಯ ಮಾಡಬೇಡಿ. ಮತ್ತೆ ಪ್ರತಿ ಫೋಟೋ ಆದಮೇಲೆ ಕ್ಯಾಮೆರಾವನ್ನು ಮುಖದಿಂದ ಇಳಿಸಿಯೇ ರೋಲ್ ಎಳೆಯೋದು ಕಲಿಸಿ. ಕಣ್ಣಿಗೆ ಹಿಡಿದುಕೊಂಡೇ ಎಳೆದಾಗಲೇ ಕನ್ನಡಕಕ್ಕೆ ಏಟು ಬೀಳೋದು.